ಫೋರ್ಕಿಗೆ ದಪ್ಪ ಆಯಿಲ್ ಹಾಕಿದ್ರೆ ಗಟ್ಟಿ ಆಗುತ್ತಾ?

ಕಳೆದ ರಜೆಯಲ್ಲಿ ಸಕಲೇಶಪುರದ ಕಡೆ ಒಂದು ಎಸ್ಟೇಟ್ ರಸ್ತೆಯಲ್ಲಿ ನಮ್ಮ ಗ್ಯಾಂಗಿನ ಒಬ್ಬ ಬಿದ್ದ. ದೊಡ್ಡ ಗುಂಡಿಗೆ ಬಿದ್ದಿದ್ರೆ ಸಮಾಧಾನ ಇರ್ತಿತ್ತು. ಅಲ್ಲಿ ಇದ್ದದ್ದು ಶೀಟಿನ ಮನೆ ಚಾವಣಿ ತರ ಅಲೆಅಲೆಯಾಗಿದ್ದ ಮಣ್ಣು ರಸ್ತೆ, ಅಷ್ಟೇ. ಮೊದಲ ನಾಲ್ಕೈದು ಉಬ್ಬು ಚೆನ್ನಾಗೇ ಹೋಯ್ತು, ಆಮೇಲೆ ಹ್ಯಾಂಡಲ್ ಒದ್ದಾಡಿ ಕೈ ತಪ್ಪಿತು. ಮಣಿಕಟ್ಟಿಗೆ ಮೂರು ವಾರ ಪ್ಲಾಸ್ಟರ್. ಅವನ ಲ್ಯಾಬ್ ರೆಕಾರ್ಡ್ ನಾವೇ ಬರೆದ್ವಿ. ಬರೀಲೇಬೇಕಿತ್ತು, ಯಾಕಂದ್ರೆ ತಪ್ಪು ನಮ್ಮದು. ಹಿಂದಿನ ರಾತ್ರಿ ಹಾಸ್ಟೆಲ್ ಪಾರ್ಕಿಂಗಲ್ಲಿ ಅವನ ಬೈಕಿನ ಫೋರ್ಕಿಗೆ 10 ನಂಬರಿನ ಆಯಿಲ್ ತೆಗೆದು 20 ಹಾಕಿದ್ದವರು ನಾವು.

ಬೈಕು ಹೀರೋ ಎಕ್ಸ್‌ಪಲ್ಸ್ 200. ಮುಂದೆ 37 ಮಿ.ಮೀ. ಟೆಲಿಸ್ಕೋಪಿಕ್ ಫೋರ್ಕ್, 190 ಮಿ.ಮೀ. ಟ್ರಾವೆಲ್. ಅವನ ತೂಕ 90 ಕೆಜಿ, ಮೇಲೆ ಬ್ಯಾಗು. ಜಂಪ್ ಮಾಡಿ ಇಳಿದಾಗೆಲ್ಲ ಫೋರ್ಕ್ 'ಟಕ್' ಅಂತ ತಳ ಮುಟ್ತಿತ್ತು. ದಪ್ಪ ಆಯಿಲ್ ಹಾಕಿದ್ರೆ ಫೋರ್ಕ್ ಗಟ್ಟಿ ಆಗುತ್ತೆ ಅಂತ ನಾವು ಅಂದ್ಕೊಂಡ್ವಿ. ನಿಮ್ಮಲ್ಲೂ ಬಹಳ ಜನ ಹಾಗೇ ಅಂದ್ಕೊಂಡಿರ್ತೀರ.

ಫೋರ್ಕ್ ಒಳಗೆ ತೂಕ ಹೊರೋದು ಸ್ಪ್ರಿಂಗು. ಆಯಿಲ್ ತೂಕ ಹೊರಲ್ಲ, ಚಲನೆಯನ್ನ ಮಾತ್ರ ತಡೆಯುತ್ತೆ. ನಿಂತ ಬೈಕಿಗೆ ಯಾವ ಆಯಿಲ್ ಹಾಕಿದ್ರೂ ಅದು ಅಷ್ಟೇ ಕುಸಿದು ನಿಲ್ಲುತ್ತೆ. ಈ ತರ ಸಾದಾ ಫೋರ್ಕಿನಲ್ಲಿ ಡ್ಯಾಂಪರ್ ರಾಡ್ ಅಂತ ಒಂದು ಕೊಳವೆ ಇರುತ್ತೆ, ಅದರ ಸಣ್ಣ ತೂತುಗಳಲ್ಲಿ ಆಯಿಲ್ ನುಗ್ಗಿ ಹೋಗಬೇಕು. ಫ್ಲೂಯಿಡ್ ಮೆಕ್ಯಾನಿಕ್ಸ್ ಕ್ಲಾಸಲ್ಲಿ ನಿದ್ದೆ ಮಾಡದವರಿಗೆ ಇದು ಗೊತ್ತು: ವೇಗವಾಗಿ ನುಗ್ಗಿದಾಗ ತಡೆ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತೆ, ಅಲ್ಲಿ ಆಯಿಲಿನ ದಪ್ಪದ ಪಾತ್ರ ಕಮ್ಮಿ. ನಿಧಾನವಾಗಿ ಹರಿದಾಗ ದಪ್ಪವೇ ಮುಖ್ಯ.

ಈಗ ನಮ್ಮ ಕೇಸಿಗೆ ಬನ್ನಿ. ಜಂಪ್ ಇಳಿದಾಗ ಫೋರ್ಕ್ ಒಳಗೆ ಹೋಗೋದು ಭಯಂಕರ ವೇಗದಲ್ಲಿ. ವಾಪಸ್ ಹೊರಗೆ ಬರೋದು ಬರೀ ಸ್ಪ್ರಿಂಗಿನ ಬಲದಿಂದ, ಅಂದ್ರೆ ಅದಕ್ಕಿಂತ ನಿಧಾನವಾಗಿ. ಹಾಗಾಗಿ ದಪ್ಪ ಆಯಿಲ್ ಎಲ್ಲಿ ಸಹಾಯ ಬೇಕಿತ್ತೋ ಅಲ್ಲಿ ಸ್ವಲ್ಪ ಕೊಟ್ಟಿತು, ಎಲ್ಲಿ ಬೇಡವಿತ್ತೋ ಅಲ್ಲಿ ಜೋರಾಗಿ ಹಿಡಿದುಕೊಂಡಿತು. ಒಂದು ಉಬ್ಬು ದಾಟಿ ಫೋರ್ಕ್ ಪೂರ್ತಿ ಬಿಚ್ಚಿಕೊಳ್ಳೋ ಮೊದಲೇ ಮುಂದಿನ ಉಬ್ಬು ಬಂತು. ಒಂದೊಂದು ಉಬ್ಬಿಗೂ ಇನ್ನಷ್ಟು ಕೆಳಗೆ. ಇದಕ್ಕೆ ಪ್ಯಾಕಿಂಗ್ ಅಂತಾರೆ. ಕೊನೆಗೆ ಟ್ರಾವೆಲ್ಲೇ ಉಳಿದಿರಲಿಲ್ಲ, ಮುಂಭಾಗ ಕುಸಿದು ಸ್ಟೀರಿಂಗ್ ಚೂಪಾಗಿತ್ತು. ಅವನು ಬೀಳದೆ ಇನ್ನೇನು ಮಾಡ್ತಾನೆ ಹೇಳಿ!

ಬುದ್ಧಿ ಬಂದ ಮೇಲೆ ಮೊದಲು ಅಳೆದದ್ದು ಸ್ಯಾಗ್. ಮುಂದಿನ ಚಕ್ರ ಎತ್ತಿ ಫೋರ್ಕ್ ಪೂರ್ತಿ ಬಿಚ್ಚಿದ ಮೇಲೆ, ಅದರ ಕಾಲಿಗೆ ಒಂದು ಜಿಪ್ ಟೈ ಕಟ್ಟಿ ಸೀಲಿಗೆ ತಾಗಿಸಿ. ಚಕ್ರ ಇಳಿಸಿ, ಹೆಲ್ಮೆಟ್ಟು ಬೂಟು ಸಮೇತ ರೈಡರ್ ಮೆಲ್ಲಗೆ ಕೂತು ಮೆಲ್ಲಗೆ ಇಳೀಬೇಕು. ಮತ್ತೆ ಚಕ್ರ ಎತ್ತಿದಾಗ ಸೀಲಿಗೂ ಟೈಗೂ ನಡುವೆ ಎಷ್ಟು ಅಂತರವೋ ಅಷ್ಟು ಸ್ಯಾಗ್. ಟ್ರಾವೆಲ್ಲಿನ ಶೇ. 25ರಿಂದ 30 ಇದ್ರೆ ಸರಿ. 190ಕ್ಕೆ ಲೆಕ್ಕ ಹಾಕಿದ್ರೆ 48ರಿಂದ 57 ಮಿ.ಮೀ. ನಮಗೆ ಸಿಕ್ಕಿದ್ದು 71! ಸ್ಪ್ರಿಂಗ್ ಮೇಲಿನ ಸ್ಪೇಸರನ್ನ 12 ಮಿ.ಮೀ. ಉದ್ದ ಮಾಡಿದ್ವಿ, ಸ್ಯಾಗ್ 59ಕ್ಕೆ ಬಂತು. ಆದರೆ ಪ್ರಿಲೋಡ್ ಹೆಚ್ಚಿಸಿದ್ರೆ ಸ್ಪ್ರಿಂಗ್ ಗಟ್ಟಿ ಆಗಲ್ಲ, ಬೈಕ್ ನಿಲ್ಲೋ ಎತ್ತರ ಮಾತ್ರ ಬದಲಾಗುತ್ತೆ. 90 ಕೆಜಿ ಆಸಾಮಿಗೆ ನಿಜವಾಗ್ಲೂ ಬೇಕಿರೋದು ಗಟ್ಟಿ ಸ್ಪ್ರಿಂಗು. ಅದಕ್ಕೆ ದುಡ್ಡು ಜೋಡಿಸ್ತಾ ಇದ್ದೀವಿ.

ತಳ ಮುಟ್ಟೋದಕ್ಕೆ ನಿಜವಾದ ಮದ್ದು ಆಯಿಲಿನ ದಪ್ಪದಲ್ಲಿಲ್ಲ, ಮಟ್ಟದಲ್ಲಿದೆ. ಆಯಿಲ್ ಮೇಲೆ ಸಿಕ್ಕಿಹಾಕಿಕೊಂಡ ಗಾಳಿ ಇನ್ನೊಂದು ಸ್ಪ್ರಿಂಗ್ ತರ ಕೆಲಸ ಮಾಡುತ್ತೆ. ಒಳಗಿನ ಸ್ಪ್ರಿಂಗ್ ಮತ್ತು ಕೊಳವೆಯ ದಪ್ಪ ಬಿಟ್ಟು, ಬಾಯ್ಲ್ ನಿಯಮ ಹಿಡಿದು ಒಂದು ಒರಟು ಲೆಕ್ಕ ಮಾಡಿದ್ವಿ. ಪೂರ್ತಿ ಒತ್ತಿದಾಗ ಮೇಲೆ 150 ಮಿ.ಮೀ. ಗಾಳಿ ಇದೆ ಅನ್ನಿ. ಆಯಿಲ್ ಏರಿಸಿ ಅದನ್ನ 130 ಮಾಡಿದ್ರೆ, ಅರ್ಧ ಟ್ರಾವೆಲ್ಲಿನಲ್ಲಿ ಎರಡೂ ಕಾಲು ಸೇರಿ ಹೆಚ್ಚಾಗೋ ಬಲ ಮುಕ್ಕಾಲು ಕೆಜಿ ಅಷ್ಟೇ. ಕೊನೆ ತುದಿಯಲ್ಲಿ ನಾಲ್ಕು ಕೆಜಿಗೂ ಮೇಲೆ. ಸಣ್ಣ ಉಬ್ಬಿನಲ್ಲಿ ಗೊತ್ತೇ ಆಗಲ್ಲ, ಎಲ್ಲಿ ಬೇಕೋ ಅಲ್ಲಿ ಮಾತ್ರ ಬಿಗಿ. ಇದಕ್ಕೆ ಬೇಕಾಗೋ ಹೆಚ್ಚುವರಿ ಆಯಿಲ್ ಒಂದು ಕಾಲಿಗೆ ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ಎರಡು ಸಲ ಸುರಿಯೋವಷ್ಟು.

ಹಾಗಂತ ತುಂಬಿಸ್ತಾ ಹೋಗಬೇಡಿ. ಗಾಳಿಗೆ ಜಾಗ ಇಲ್ಲದಿದ್ರೆ ಸೀಲ್ ಕಿತ್ತು ಬರುತ್ತೆ. ಮ್ಯಾನುವಲ್ಲಿನ ಅಳತೆಯಿಂದ ಶುರು ಮಾಡಿ 5 ಮಿ.ಮೀ. ಲೆಕ್ಕದಲ್ಲಿ ಬದಲಿಸಿ. ಅಳೆಯುವಾಗ ಸ್ಪ್ರಿಂಗ್ ಹೊರಗಿರಲಿ, ಫೋರ್ಕನ್ನ ಹತ್ತಾರು ಸಲ ಪಂಪ್ ಮಾಡಿ ಗುಳ್ಳೆ ಓಡಿಸಿ, ಪೂರ್ತಿ ಒತ್ತಿ ಹಿಡಿಯಿರಿ. ಸಿರಿಂಜಿಗೆ ಟ್ಯೂಬ್ ಸಿಕ್ಕಿಸಿ, ಬೇಕಾದ ಆಳಕ್ಕೆ ಗುರುತು ಹಾಕಿ ಇಳಿಸಿದ್ರೆ ಹೆಚ್ಚಿನ ಆಯಿಲ್ ತಾನೇ ಹೀರಿ ಬರುತ್ತೆ. ಎರಡೂ ಕಾಲಿಗೆ ಒಂದೇ ಮಟ್ಟ. ಮೇಲಿನ ಮುಚ್ಚಳ ಬಿಚ್ಚುವಾಗ ಮುಖ ಅಡ್ಡ ಇಡಬೇಡಿ, ಕೆಳಗೆ ಸ್ಪ್ರಿಂಗ್ ಕಾಯ್ತಾ ಕೂತಿರುತ್ತೆ. ಹಳೇ ಆಯಿಲ್ ಬೂದು ಬಣ್ಣಕ್ಕೆ ತಿರುಗಿ ಮೀನಿನ ವಾಸನೆ ಹೊಡೀತಿದ್ರೆ ಹೆದರಬೇಡಿ, ಅದು ಹಾಗೇ.

ಇಷ್ಟೆಲ್ಲ ಆದ ಮೇಲೆ ಆಯಿಲಿನ ನಂಬರ್. ಡಬ್ಬಿ ಮೇಲಿನ 10, 15 ಅನ್ನೋದನ್ನ ಪೂರ್ತಿ ನಂಬೋ ಹಾಗಿಲ್ಲ. ಒಂದು ಕಂಪನಿಯ 10 ಇನ್ನೊಂದರ 15ಕ್ಕೆ ಹತ್ತಿರ ಇರಬಹುದು. ಡೇಟಾ ಶೀಟಿನಲ್ಲಿ 40 ಡಿಗ್ರಿಗೆ ಎಷ್ಟು ಸೆಂಟಿಸ್ಟೋಕ್ ಅಂತ ಇರುತ್ತೆ, ಅದನ್ನ ಹೋಲಿಸಿ. ಸಾಮಾನ್ಯ 10ರ ಆಯಿಲ್ 30ರ ಆಸುಪಾಸು ಇರುತ್ತೆ. ಉಳಿದ ಇಂಜಿನ್ ಆಯಿಲ್ ಸುರಿಯೋಣ ಅನ್ನೋ ಪುಣ್ಯಾತ್ಮರು ಪ್ರತಿ ಹಾಸ್ಟೆಲ್ಲಲ್ಲೂ ಇರ್ತಾರೆ. 20ಡಬ್ಲ್ಯೂ-40 ಅದೇ 40 ಡಿಗ್ರಿಗೆ ನೂರು ದಾಟುತ್ತೆ, ಬೇಡ. ಅಲೆ ರಸ್ತೆಯಲ್ಲಿ ಫೋರ್ಕ್ ಕುಸಿತಾ ಹೋದ್ರೆ ತೆಳು ಆಯಿಲ್, ಉಬ್ಬು ದಾಟಿದ ಮೇಲೆ ಮುಂಭಾಗ ಕುಣಿದಾಡಿದ್ರೆ ಸ್ವಲ್ಪ ದಪ್ಪದ್ದು. ಶಿಮ್ ಇರೋ ಕಾರ್ಟ್ರಿಡ್ಜ್ ಫೋರ್ಕ್ ಆದ್ರೆ ಈ ಆಟ ಬೇಡ, ಅದಕ್ಕೆ ಹೇಳಿದ ತೆಳು ಆಯಿಲ್ಲೇ ಹಾಕಿ, ಉಳಿದದ್ದು ಸ್ಕ್ರೂ ತಿರುಗಿಸಿ ನೋಡಿಕೊಳ್ಳಿ.

ನಾವು ಮತ್ತೆ 10ಕ್ಕೆ ಬಂದ್ವಿ, ಗಾಳಿ ಜಾಗ 20 ಮಿ.ಮೀ. ಕಮ್ಮಿ ಮಾಡಿದ್ವಿ. ಪ್ಲಾಸ್ಟರ್ ಬಿಚ್ಚಿ ಡಾಕ್ಟರ್ ಓಕೆ ಅಂದ ಮೇಲೆ ಅವನು ಅದೇ ರಸ್ತೆಯಲ್ಲಿ ಓಡಿಸಿದ. ವಾಪಸ್ ಬಂದಾಗ ಜಿಪ್ ಟೈ ತಳಕ್ಕೆ 15 ಮಿ.ಮೀ. ಇರೋವಾಗ ನಿಂತಿತ್ತು. ಪಾರ್ಕಿಂಗಲ್ಲಿ ಚೆಲ್ಲಿದ ಆಯಿಲ್ ಕಲೆ ಮಾತ್ರ ಇನ್ನೂ ಹೋಗಿಲ್ಲ. ವಾರ್ಡನ್ ಯಾರು ಅಂತ ಕೇಳ್ತಾ ಇದ್ದಾರೆ.