ವೈದ್ಯ ಸಂತ ಲೂಕರ ಹಬ್ಬ ಮತ್ತು ನಮ್ಮ ದೇಹದೊಳಗಿನ ಪೆಪ್ಟೈಡ್‌ಗಳು



ಅಕ್ಟೋಬರ್ 18ರಂದು ನಾವು ಶುಭಸಂದೇಶಕರ್ತ ಸಂತ ಲೂಕರ ಹಬ್ಬವನ್ನು ಆಚರಿಸುತ್ತೇವೆ. ಸಂತ ಪೌಲರು ಕೊಲೊಸ್ಸೆಯರಿಗೆ ಬರೆದ ಪತ್ರದಲ್ಲಿ ಇವರನ್ನು ಪ್ರೀತಿಯಿಂದ ವೈದ್ಯರೆಂದೇ ಹೆಸರಿಸಿದ್ದಾರೆ. ತೂಕ ಇಳಿಸಲು, ಚರ್ಮದ ಕಾಂತಿಗೆ, ಕೀಲುನೋವಿಗೆ 'ಪೆಪ್ಟೈಡ್' ಎಂಬ ಜಾಹೀರಾತುಗಳು ಎಲ್ಲೆಡೆ ಕಾಣುತ್ತಿರುವ ಈ ದಿನಗಳಲ್ಲಿ, ಆ ಪದದ ಅರ್ಥವನ್ನು ತಿಳಿಯಲು ಈ ಹಬ್ಬ ತಕ್ಕ ಸಂದರ್ಭ.

ಪೆಪ್ಟೈಡ್ ಎಂದರೇನು? ಅಕ್ಟೋಬರ್ ಜಪಸರದ ತಿಂಗಳು. ಜಪಸರದ ಮಣಿಗಳಂತೆ ಅಮೈನೋ ಆಮ್ಲಗಳೆಂಬ ಸಣ್ಣ ಘಟಕಗಳು ಒಂದಕ್ಕೊಂದು ಸೇರಿದರೆ ಅದೇ ಪೆಪ್ಟೈಡ್. ಸರ ಬಹಳ ಉದ್ದವಾದರೆ ಅದನ್ನು ಪ್ರೋಟೀನ್ ಎನ್ನುತ್ತೇವೆ. ಮಣಿಗಳ ಕ್ರಮ ಬದಲಾದರೆ ಅದು ಮಾಡುವ ಕೆಲಸವೂ ಬದಲಾಗುತ್ತದೆ. ತಾಯಿಯ ಎದೆಹಾಲು ಹರಿಯುವಂತೆ ಮಾಡುವ ಆಕ್ಸಿಟೋಸಿನ್‌ನಲ್ಲಿ ಕೇವಲ 9 ಮಣಿಗಳಿವೆ. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್‌ನಲ್ಲಿ 51. ಇವುಗಳನ್ನು ಸೃಷ್ಟಿಕರ್ತ ದೇವರು ನಮ್ಮ ದೇಹದಲ್ಲಿಯೇ ಇರಿಸಿದ್ದಾರೆ.

ಒಂದು ಕಾಲದಲ್ಲಿ ಇನ್ಸುಲಿನ್ ಉತ್ಪತ್ತಿಯಾಗದ ಮಕ್ಕಳಿಗೆ ಸಾವೇ ಗತಿಯಾಗಿತ್ತು. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ 14 ವರ್ಷದ ಬಾಲಕನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚುಮದ್ದು ನೀಡಲಾಯಿತು, ಆತ ಚೇತರಿಸಿಕೊಂಡ. ಮರುವರ್ಷ ಸಂಶೋಧಕರು ಅದರ ಹಕ್ಕನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ಲಾಭಕ್ಕಿಂತ ಜೀವ ದೊಡ್ಡದೆಂಬುದಕ್ಕೆ ಇದೊಂದು ಸಾಕ್ಷಿ.

ಆದರೆ ಪೆಪ್ಟೈಡ್‌ಗಳೆಲ್ಲವೂ ಒಂದೇ ಅಲ್ಲ. ಸೆಮಾಗ್ಲುಟೈಡ್ ಎಂಬುದು ಹಸಿವನ್ನು ತಗ್ಗಿಸುವ ಪೆಪ್ಟೈಡ್ ಔಷಧಿ. ಮಧುಮೇಹಕ್ಕೂ ಸ್ಥೂಲಕಾಯಕ್ಕೂ ಇದನ್ನು ವೈದ್ಯರು ಕೊಡುತ್ತಾರೆ. ವಾಂತಿ, ಹೊಟ್ಟೆ ತೊಳಸುವಿಕೆಯಂಥ ಅಡ್ಡಪರಿಣಾಮಗಳೂ ಉಂಟು. ಬಿಪಿಸಿ-157ರಂಥವುಗಳಾದರೋ ಮನುಷ್ಯರ ಬಳಕೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆಯನ್ನೇ ಪಡೆದಿಲ್ಲ. 'ಸಂಶೋಧನೆಗೆ ಮಾತ್ರ' ಎಂಬ ಚೀಟಿ ಅಂಟಿಸಿ ಮಾರುವ ಸೀಸೆಯಲ್ಲಿ ಏನಿದೆ, ಎಷ್ಟಿದೆ ಎಂಬುದಕ್ಕೆ ಖಾತರಿಯಿಲ್ಲ. ಅದನ್ನು ಚುಚ್ಚಿಕೊಳ್ಳುವುದು ದೇಹವನ್ನೇ ಪಣಕ್ಕಿಟ್ಟಂತೆ. ಇನ್ನು ದುಬಾರಿ ಪುಡಿಗಳನ್ನು ನುಂಗಿದರೆ ಜಠರವು ಅದನ್ನು ಬಹುಪಾಲು ಬೇಳೆ, ಮೊಟ್ಟೆ, ಮೀನಿನ ಪ್ರೋಟೀನಿನಂತೆಯೇ ಜೀರ್ಣಿಸುತ್ತದೆ. ಇನ್ಸುಲಿನ್ನನ್ನು ಚುಚ್ಚುಮದ್ದಾಗಿ ಕೊಡುವುದೂ ಇದೇ ಕಾರಣದಿಂದ.

ಇದಕ್ಕೆ ವಿರುದ್ಧವಾದ ತಪ್ಪೂ ಒಂದಿದೆ. ನವೇನ ಮಾಡುತ್ತಿದ್ದೇವೆ, ಇನ್ನು ಇನ್ಸುಲಿನ್ ಬೇಡ ಎನ್ನುವುದು ವಿಶ್ವಾಸವಲ್ಲ. ದೇಹದಲ್ಲಿ ಇನ್ಸುಲಿನ್ ಉತ್ಪತ್ತಿಯೇ ಇಲ್ಲದವರು ಅದನ್ನು ಬಿಟ್ಟರೆ ಕೆಲವೇ ದಿನಗಳಲ್ಲಿ ಪ್ರಾಣಾಪಾಯ ಒದಗಬಹುದು. ವೈದ್ಯನೂ ಮದ್ದೂ ದೇವರಿಂದಲೇ ಬಂದವೆಂದು ಸಿರಾಖ ಗ್ರಂಥದ 38ನೆಯ ಅಧ್ಯಾಯ ನಮಗೆ ಕಲಿಸುತ್ತದೆ. ಪ್ರಾರ್ಥನೆಯೂ ಇರಲಿ, ಮದ್ದೂ ಇರಲಿ.

ಸಂತ ಲೂಕರ ಶುಭಸಂದೇಶದಲ್ಲಿ ಮಾತ್ರ ಬರುವ ದಯಾಳು ಸಮಾರಿಯದವನು ಗಾಯಾಳುವಿಗೆ ಎಣ್ಣೆ, ದ್ರಾಕ್ಷಾರಸ ಹಚ್ಚಿ, ಛತ್ರದ ಖರ್ಚನ್ನೂ ಕೊಟ್ಟನು. ನಮ್ಮ ಧರ್ಮಕೇಂದ್ರದಲ್ಲಿ ಇನ್ಸುಲಿನ್ ಕೊಳ್ಳಲಾಗದೆ ದಿನ ಬಿಟ್ಟು ದಿನ ಚುಚ್ಚಿಕೊಳ್ಳುವ ಬಡವರು ಇದ್ದಾರೆಯೇ? ಈ ಹಬ್ಬದಂದು ಅವರನ್ನು ಹುಡುಕೋಣ, ಒಂದು ತಿಂಗಳ ಮದ್ದಿನ ಹೊಣೆ ಹೊರೋಣ. ವೈದ್ಯ ಸಂತರಿಗೆ ನಾವು ಸಲ್ಲಿಸುವ ಗೌರವ ಅದೇ.