ಕಲ್ಲು ಹೊತ್ತು ಹೊರಟ ಹಡಗು

ಸುತ್ತಲೂ ಅಟ್ಲಾಂಟಿಕ್ ಸಾಗರ, ನೆಲದ ಸುಳಿವಿಲ್ಲ. ಆದರೆ ನೀರು ಮಣ್ಣಿನ ಬಣ್ಣಕ್ಕೆ ತಿರುಗಿದೆ! ಮೊಗೆದು ಬಾಯಿಗೆ ಹಾಕಿದರೆ ಉಪ್ಪು ಸಪ್ಪೆ! ಕಾಂಗೋ ನದಿ ಕಡಲನ್ನೇ ಹಿಂದಕ್ಕೆ ತಳ್ಳುವ ಜಾಗ ಅದು. ಸೆಕೆಂಡಿಗೆ ಸರಾಸರಿ ನಾಲ್ಕು ಕೋಟಿ ಲೀಟರ್ ನೀರು ಸುರಿಯುವ ಈ ನದಿಗೆ ಅಮೆಜಾನ್ ಒಂದನ್ನು ಬಿಟ್ಟರೆ ಜಗತ್ತಿನಲ್ಲಿ ಎದುರಿಲ್ಲ. ಯುರೋಪಿನವರಲ್ಲಿ ಇದರ ಮುಖ ಮೊದಲು ಕಂಡವನು ದಿಯೋಗೊ ಕಾಂವ್. 1482ರಲ್ಲಿ ಲಿಸ್ಬನ್ ಬಿಟ್ಟು ಹೊರಟ ಪೋರ್ಚುಗೀಸ್ ನಾವಿಕ.

ಭಾರತಕ್ಕೆ ಬಂದ ವಾಸ್ಕೋ ಡ ಗಾಮನ ಹೆಸರು ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. ಕಾಂವ್ ಯಾರಿಗೆ ಗೊತ್ತು? ಅವನ ದಿನಚರಿ ಉಳಿದಿಲ್ಲ, ಪತ್ರ ಉಳಿದಿಲ್ಲ. ಉಳಿದಿರುವುದು ಕಲ್ಲು!

ಅವನಿಗಿಂತ ಮೊದಲು ಹೋದವರು ಹೊಸ ತೀರದಲ್ಲಿ ಮರದ ಶಿಲುಬೆ ನೆಟ್ಟು ಬರುತ್ತಿದ್ದರು. ಮಳೆ, ಗೆದ್ದಲು ಬಿಟ್ಟಾವೆಯೇ? ಎರಡನೆಯ ಜುವಾಂವ್ ದೊರೆ ಇದಕ್ಕೊಂದು ದಾರಿ ಹುಡುಕಿದ. ಪೋರ್ಚುಗಲ್‌ನಲ್ಲೇ ಸುಣ್ಣಕಲ್ಲಿನ ಕಂಬ ಕಡೆಸಿ, ತಲೆಯ ಮೇಲೆ ರಾಜಲಾಂಛನ ಮತ್ತು ಶಿಲುಬೆ ಕೂರಿಸಿ, ಹಡಗಿಗೆ ಹೇರಿ ಕಳಿಸಿದ. ಸರಕು ತರಲು ಹೋಗುವ ಹಡಗು ಹೋಗುವಾಗಲೇ ಟನ್ನುಗಟ್ಟಲೆ ಕಲ್ಲು ಹೊತ್ತಿತ್ತು! ಬೇರೆಯವರ ನೆಲದಲ್ಲಿ ಅವರನ್ನು ಕೇಳದೆ ನೆಟ್ಟ ಗಡಿಕಲ್ಲು ಎಂಬುದನ್ನೂ ಮರೆಯಬಾರದು. ಮುಂದೆ 1498ರಲ್ಲಿ ಗಾಮ ನಮ್ಮ ಮಲ್ಪೆ ಎದುರಿನ ದ್ವೀಪದಲ್ಲಿ ನಿಲ್ಲಿಸಿದನೆನ್ನುವ ಕಂಬವೂ ಇದೇ ಜಾತಿಯದು.

ಹಡಗು ಭೂಮಧ್ಯರೇಖೆ ದಾಟಿದ ಮೇಲೆ ಇನ್ನೊಂದು ಸಂಕಟ. ತಲೆಮಾರುಗಳಿಂದ ನಾವಿಕರ ಕೈ ಹಿಡಿದು ನಡೆಸಿದ ಧ್ರುವ ನಕ್ಷತ್ರವೇ ಮುಳುಗಿಬಿಡುತ್ತದೆ! ಆಮೇಲೆ ನಡುಮಧ್ಯಾಹ್ನದ ಸೂರ್ಯನ ಎತ್ತರ ಅಳೆದು ಲೆಕ್ಕ ಹಾಕುವ ವಿದ್ಯೆಯೇ ಗತಿ. ಆ ವಿದ್ಯೆಯೂ ಆಗಿನ್ನೂ ಕುದುರುತ್ತಿತ್ತು.

ಕಾಂಗೋ ಮುಖದ ದಕ್ಷಿಣ ದಡದಲ್ಲಿ ಮೊದಲ ಕಂಬ ನಿಂತಿತು. ಒಳನಾಡಿನ ಕಾಂಗೋ ದೊರೆಯ ಬಳಿಗೆ ದೂತರು ಹೋದರು. ಹೋದವರು ಬರಲಿಲ್ಲ. ಕಾದು ಬೇಸತ್ತ ಕಾಂವ್ ಅಲ್ಲಿನ ನಾಲ್ವರನ್ನು ಒತ್ತೆಯಾಳಾಗಿ ಹಿಡಿದು ಲಿಸ್ಬನ್‌ಗೆ ಒಯ್ದ. ಅಪಹರಣಕ್ಕೆ ಬೇರೆ ಹೆಸರಿಲ್ಲ. ಅಲ್ಲಿ ಅವರಿಗೆ ಆದರ ಸಿಕ್ಕಿತು, ಅವರು ಪೋರ್ಚುಗೀಸ್ ಕಲಿತರು, ಮುಂದಿನ ಯಾನದಲ್ಲಿ ಊರಿಗೂ ಮರಳಿದರು. ಇತ್ತ ಕಾಂವ್‌ಗೆ 1484ರಲ್ಲಿ ಕುಲೀನ ಪದವಿ. ಅವನಿಗೆ ಸಿಕ್ಕ ಲಾಂಛನದಲ್ಲಿ ಎರಡು ಕಂಬಗಳ ಚಿತ್ರ!

ಹಿಗ್ಗು ಎಷ್ಟಿತ್ತೆಂದರೆ, 1485ರ ಡಿಸೆಂಬರ್‌ನಲ್ಲಿ ರೋಮ್‌ನಲ್ಲಿ ಪೋಪ್ ಎದುರು ಪೋರ್ಚುಗೀಸ್ ರಾಯಭಾರಿ ಹಿಂದೂ ಮಹಾಸಾಗರದ ಬಾಗಿಲು ಇನ್ನೇನು ಹತ್ತಿರದಲ್ಲೇ ಇದೆ ಎಂದು ಭಾಷಣ ಬಿಗಿದ. ಆಫ್ರಿಕಾ ಇನ್ನೂ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ಬಾಕಿ ಇತ್ತು!

ಈಗ ನನ್ನ ಮೈ ಜುಮ್ಮೆನ್ನಿಸುವ ಜಾಗಕ್ಕೆ ಬನ್ನಿ. ಕಡಲಿಂದ ಸುಮಾರು 160 ಕಿಲೋಮೀಟರ್ ಒಳಗೆ, ಇಂದಿನ ಮಟಾಡಿ ಪಟ್ಟಣದ ಹತ್ತಿರ, ಕಾಂಗೋ ನದಿ ಬಂಡೆಗಳ ನಡುವೆ ಬಿರುಸಾಗಿ ನುಗ್ಗಿ ಬರುತ್ತದೆ. ಯೆಲ್ಲಾಲಾ ಜಲಪಾತಗಳ ಕೆಳಗೆ. ಮುಂದೆ ಹೋಗಲು ಯಾವ ಹಡಗಿಗೂ ಸಾಧ್ಯವಿಲ್ಲ. ಅಲ್ಲೊಂದು ಬಂಡೆಯ ಮೇಲೆ ಪೋರ್ಚುಗಲ್‌ನ ಲಾಂಛನ, ಶಿಲುಬೆ, ದೊರೆಯ ಹಡಗುಗಳು ಇಲ್ಲಿಯವರೆಗೆ ಬಂದವೆಂಬ ಬರಹ, ಕೆಳಗೆ ದಿಯೋಗೊ ಕಾಂವ್ ಮತ್ತು ಜೊತೆಗಾರರ ಹೆಸರು. ಆ ಸೆಳವಿಗೆ ಎದುರಾಗಿ ಇಷ್ಟು ದೂರ ಹೇಗೆ ಬಂದರಪ್ಪ! ಪಕ್ಕದಲ್ಲಿ ಬೇರೆ ಕೆಲವು ಹೆಸರುಗಳಿವೆ. ಅವುಗಳಲ್ಲಿ ಕೆಲವಕ್ಕೆ ಪುಟ್ಟ ಶಿಲುಬೆ ಗುರುತು. ಕಾಯಿಲೆ ಬಿದ್ದು ಸತ್ತವರ ಲೆಕ್ಕ, ಅದೂ ಬಂಡೆಯ ಮೇಲೇ.

ಎರಡನೆಯ ಯಾನದಲ್ಲಿ ನೆಟ್ಟ ಕೊನೆಯ ಕಂಬ ಇನ್ನೂ ದಕ್ಷಿಣಕ್ಕೆ, ಈಗಿನ ನಮೀಬಿಯಾದ ಮರುಭೂಮಿ ದಡದಲ್ಲಿ, ಕೇಪ್ ಕ್ರಾಸ್‌ನಲ್ಲಿ. ಅದರ ಮೇಲಿನ ಕಾಲಗಣನೆ ನೋಡಿ: ಸೃಷ್ಟಿಯಾಗಿ 6685 ವರ್ಷ, ಕ್ರಿಸ್ತ ಹುಟ್ಟಿ 1485! ಉಪ್ಪುಗಾಳಿ ತಿನ್ನುತ್ತ ನಾಲ್ಕು ಶತಮಾನ ನಿಂತ ಆ ಕಂಬವನ್ನು 1893ರಲ್ಲಿ ಜರ್ಮನ್ ಹಡಗೊಂದು ಹೊತ್ತೊಯ್ದಿತು. ಹಿಂದಿರುಗಿಸುತ್ತೇವೆಂದು ಬರ್ಲಿನ್‌ನ ಮ್ಯೂಸಿಯಂ ಹೇಳಿದ್ದು 2019ರಲ್ಲಿ.

ಆಮೇಲೆ ಕಾಂವ್ ಏನಾದ? 1489ರ ಹೊತ್ತಿನ ಮಾರ್ಟೆಲ್ಲಸ್ ನಕ್ಷೆಯ ಟಿಪ್ಪಣಿ ಅವನು ಆ ಮರುಭೂಮಿ ತೀರದಲ್ಲೇ ಸತ್ತನೆನ್ನುತ್ತದೆ. ಚರಿತ್ರೆಕಾರ ಜುವಾಂವ್ ದ ಬಾರುಷ್ ಬರೆದದ್ದು ಬೇರೆಯೇ: ಮರಳುವ ದಾರಿಯಲ್ಲಿ ಕಾಂಗೋ ದೊರೆಯನ್ನು ಕಂಡು ಊರು ಸೇರಿದ. ನನ್ನ ಒಲವು ಬಾರುಷ್ ಕಡೆಗೆ. ಬದುಕಿ ಬಂದಿದ್ದರೂ ಜುವಾಂವ್ ದೊರೆಯ ದೃಷ್ಟಿ ಅವನ ಮೇಲಿರಲಿಲ್ಲ ಎನಿಸುತ್ತದೆ. 1487ರಲ್ಲಿ ದೊರೆ ಹಡಗುಗಳನ್ನು ಬಾರ್ತೊಲೊಮೆಉ ದಿಯಾಸ್‌ಗೆ ಒಪ್ಪಿಸಿದ. ಆಫ್ರಿಕಾದ ತುದಿ ದಾಟಿದ ಕೀರ್ತಿ ದಿಯಾಸ್‌ನ ಪಾಲಾಯಿತು. ಅವನ ಹಡಗಿನಲ್ಲೂ ಕಲ್ಲಿನ ಕಂಬಗಳಿದ್ದವು.