ಗುಹ್ಯರೋಮ ತೆಗೆದ ಮೇಲೆ ಗುಳ್ಳೆ, ಉರಿ: ಮುಚ್ಚಿಡಬೇಡಿ

ಗುಹ್ಯಭಾಗದ ರೋಮ ತೆಗೆಯುವುದು ಇಸ್ಲಾಮ್ ಕಲಿಸಿದ ಶುಚಿತ್ವಗಳಲ್ಲೊಂದು. ಆದರೆ ಬೋಳಿಸಿದ ಎರಡು ಮೂರು ದಿನಗಳಲ್ಲಿ ಅಲ್ಲಿ ಕೆಂಪು ಗುಳ್ಳೆ, ತುರಿಕೆ, ಉರಿ ಕಾಣಿಸಿಕೊಳ್ಳುವವರು ಬಹಳ ಮಂದಿ. ಗಂಡಸರೂ ಹೆಂಗಸರೂ ನಾಚಿಕೆಯಿಂದ ಹೇಳದೆ, ಕೀವು ತುಂಬಿದ ಮೇಲೆ ವೈದ್ಯರ ಬಳಿ ಬರುತ್ತಾರೆ.

ಆ ಭಾಗದ ರೋಮ ಗುಂಗುರು. ಬ್ಲೇಡನ್ನು ಒತ್ತಿ ಎಳೆದಾಗ ಅದರ ತುದಿ ಚೂಪಾಗುತ್ತದೆ. ಮತ್ತೆ ಬೆಳೆಯುವಾಗ ಬಾಗಿ ಚರ್ಮದೊಳಗೇ ಚುಚ್ಚುತ್ತದೆ. ಅದರ ಸುತ್ತ ಬರುವ ಊತವೇ ಗುಳ್ಳೆ. ಗೀರಿನಲ್ಲಿ ರೋಗಾಣು ಸೇರಿದರೆ ಕೀವಾಗುತ್ತದೆ. ಸಾಲಗುಂದ, ಸಿಂಧನೂರು ಸೀಮೆಯ ಬಿಸಿಲು, ಗದ್ದೆ ಕೆಲಸದ ಬೆವರು, ಬಿಗಿ ಬಟ್ಟೆಯ ತಿಕ್ಕಾಟ ಉರಿಯನ್ನು ಹೆಚ್ಚಿಸುತ್ತವೆ.

ಪ್ರತಿ ಶುಕ್ರವಾರ ಬ್ಲೇಡು ಹಿಡಿಯಲೇಬೇಕೆಂದು ಕೆಲವರು ತಿಳಿದಿದ್ದಾರೆ. ಸಹೀಹ್ ಮುಸ್ಲಿಮ್‌ನಲ್ಲಿ ಅನಸ್(ರ) ವರದಿ ಮಾಡಿದ ಹದೀಸಿನಂತೆ 40 ದಿನ ಮೀರಬಾರದು, ಅಷ್ಟೆ. ಬೋಳಿಸುವುದು ಉತ್ತಮವಾದರೂ ಕತ್ತರಿಯಿಂದ ತೆಗೆದರೂ ಆಗುತ್ತದೆಂದು ಇಮಾಮ್ ನವವಿ(ರಹ) ವಿವರಿಸಿದ್ದಾರೆ. ಪದೇ ಪದೇ ಗುಳ್ಳೆ ಏಳುವವರಿಗೆ ಕತ್ತರಿ ಅಥವಾ ಟ್ರಿಮ್ಮರೇ ಮೇಲು.

ಬೋಳಿಸುವುದಾದರೆ ಹೀಗೆ ಮಾಡಿ. ಮೊದಲು ರೋಮವನ್ನು ಗಿಡ್ಡ ಮಾಡಿ, ಬೆಚ್ಚನೆಯ ನೀರಿನಿಂದ ತೊಳೆದು ನೊರೆ ಹಚ್ಚಿ. ಹೊಸ ಬ್ಲೇಡನ್ನು ರೋಮ ಬೆಳೆದ ದಿಕ್ಕಿನಲ್ಲೇ ಹಗುರವಾಗಿ ಎಳೆಯಿರಿ. ಚರ್ಮವನ್ನು ಜಗ್ಗಿ ಹಿಡಿಯಬೇಡಿ, ಒಂದೇ ಜಾಗದಲ್ಲಿ ಮತ್ತೆ ಮತ್ತೆ ಎಳೆಯಬೇಡಿ. ಬ್ಲೇಡು ಒಬ್ಬರದು ಇನ್ನೊಬ್ಬರಿಗೆ ಬೇಡ, ಗಂಡ ಹೆಂಡತಿಯಾದರೂ ಸರಿ. ಹೆಪಟೈಟಿಸ್ ಬಿ ರಕ್ತದಿಂದ ಹರಡುತ್ತದೆ. ಬೆಳಿಗ್ಗೆಗಿಂತ ರಾತ್ರಿ ಒಳ್ಳೆಯದು. ನಂತರ ಸಡಿಲ ಹತ್ತಿ ಬಟ್ಟೆ ಧರಿಸಿ.

ಗುಳ್ಳೆ ಎದ್ದರೆ ಅವು ಮಾಯುವ ತನಕ ಬ್ಲೇಡು ಬಿಡಿ. ತಣ್ಣೀರಿನಲ್ಲಿ ಅದ್ದಿದ ಶುಭ್ರ ಬಟ್ಟೆಯನ್ನು ದಿನಕ್ಕೆ ಎರಡು ಮೂರು ಸಲ ಹತ್ತು ನಿಮಿಷ ಇಡಿ. ಚಿವುಟಬೇಡಿ, ಸೂಜಿಯಿಂದ ಕೆದಕಬೇಡಿ. ನಿಂಬೆರಸ, ಸುಣ್ಣ, ನೀರು ಬೆರೆಸದ ಡೆಟಾಲ್ ಹಚ್ಚಬೇಡಿ.

ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ತುರಿಕೆ ಮುಲಾಮಿನಲ್ಲಿ ಸ್ಟೀರಾಯ್ಡ್ ಇರಬಹುದು. ಅದು ಮೊದಲು ಆರಾಮ ಕೊಟ್ಟರೂ ಚರ್ಮವನ್ನು ತೆಳುವಾಗಿಸುತ್ತದೆ. ತೊಡೆಸಂದಿಯ ಹುಳುಕಡ್ಡಿಗೆ ಹಚ್ಚಿದರೆ ಅದು ಒಳಗೊಳಗೇ ಹರಡುತ್ತದೆ.

ಜ್ವರ, ಬೇಗ ಹರಡುವ ಊತ, ವಿಪರೀತ ನೋವು ಇದ್ದರೆ, ಅದರಲ್ಲೂ ಸಕ್ಕರೆ ಕಾಯಿಲೆಯವರಾದರೆ, ಮನೆಮದ್ದು ಬಿಟ್ಟು ಅದೇ ದಿನ ಸಿಂಧನೂರಿನ ತಾಲ್ಲೂಕು ಆಸ್ಪತ್ರೆಗೆ ಹೋಗಿ. ನೋವಿಲ್ಲದ ಹುಣ್ಣು, ನೀರು ತುಂಬಿದ ಗುಳ್ಳೆಗಳ ಗುಂಪು ಬ್ಲೇಡಿನಿಂದಲೇ ಆದದ್ದೆಂದು ತಿಳಿಯಬೇಡಿ, ಪರೀಕ್ಷೆ ಮಾಡಿಸಿ. ಚಿಕಿತ್ಸೆಗಾಗಿ ವೈದ್ಯರಿಗೆ ತೋರಿಸುವುದು ಹಯಾಕ್ಕೆ ವಿರುದ್ಧವಲ್ಲ. ಮಹಿಳೆಯರು ಮಹಿಳಾ ವೈದ್ಯರನ್ನೇ ಕೇಳಿ ಹೋಗಬಹುದು. ಬೆಳೆಯುವ ಮಕ್ಕಳಿಗೆ ರೋಮ ತೆಗೆಯಲು ಹೇಳುವ ತಂದೆ ತಾಯಂದಿರು, ಹೇಗೆ ತೆಗೆಯಬೇಕೆಂಬುದನ್ನೂ ಹೇಳಿಕೊಡಲಿ.